ಹೊಳೆಯೋ ಕಡಲೋ: ಮಾವನ ಮನೆಗೆ ಹೋಗುವವರಿಗೊಂದು ಕೈಪಿಡಿ

ಮರವಂತೆಯ ಆಸುಪಾಸಿನಲ್ಲಿ ಹೆಂಡತಿಯ ತವರು ಇರುವ, ಸ್ವತಃ ಘಟ್ಟದ ಮೇಲೆ ಹುಟ್ಟಿದ ಅಳಿಯಂದಿರಿಗಾಗಿ, ಮೀನು ಹಿಡಿಯುವ ಬಗೆಗೆ ಈ ಕೈಪಿಡಿ. ಬೇರೆಯವರು ಬಳಸಿ ಕಷ್ಟನಷ್ಟಕ್ಕೆ ಸಿಕ್ಕಿದರೆ ನಾವು ಜವಾಬ್ದಾರರಲ್ಲ. ಘಟ್ಟದ ಮೇಲಿನವರು ಸಿಕ್ಕಿದರೂ ಅಲ್ಲ.

ಜಾಗದ ಪರಿಚಯ. ಕುಂದಾಪುರದಿಂದ ಬೈಂದೂರಿನ ಕಡೆಗೆ ಬಸ್ಸು ಹತ್ತಿ. ರಾಷ್ಟ್ರೀಯ ಹೆದ್ದಾರಿ 66 ಮರವಂತೆಗೆ ಬಂದಾಗ ಎಡಗಿಟಕಿಯಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ, ಬಲಗಿಟಕಿಯಲ್ಲಿ ಸೌಪರ್ಣಿಕಾ. ನಡುವೆ ಇರುವುದು ಒಂದು ರಸ್ತೆ, ಒಂದಿಷ್ಟು ಮರಳು ಮತ್ತು ಸೆಲ್ಫಿಗೆಂದು ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳು. ಇಂಥ ಊರಿನಲ್ಲಿ ಸಿಹಿನೀರೋ ಉಪ್ಪುನೀರೋ ಎಂಬ ಪ್ರಶ್ನೆಗೆ ರಸ್ತೆಯ ಈಚೆಯೋ ಆಚೆಯೋ ಎಂದಷ್ಟೇ ಅರ್ಥ ಎಂದು ನಿಮಗೆ ಅನಿಸುತ್ತದೆ. ಅನಿಸಲಿ. ಊಟದ ಹೊತ್ತಿಗೆ ಅದನ್ನು ಬಾಯಿಬಿಟ್ಟು ಮಾತ್ರ ಹೇಳಬೇಡಿ.

ಏಕೆಂದರೆ ಬಲಗಿಟಕಿಯ ನೀರೂ ಸಿಹಿಯಲ್ಲ. ಕೊಡಚಾದ್ರಿಯ ಕಡೆಯಿಂದ ಇಳಿದು, ಕೊಲ್ಲೂರನ್ನು ದಾಟಿ ಬರುವ ಸೌಪರ್ಣಿಕೆಗೆ ಮರವಂತೆಯಲ್ಲಿ ಕಡಲು ಕೂಗಳತೆಯಲ್ಲಿದೆ. ಆದರೂ ಅವಳು ಇಲ್ಲಿ ಸೇರದೆ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯವರೆಗೆ ಹೋಗಿಯೇ ಸಮುದ್ರ ಸೇರುತ್ತಾಳೆ. ಬೇಸಿಗೆಯಲ್ಲಿ ಹೊಳೆಯ ಹರಿವು ಸೊರಗಿದಾಗ ಉಬ್ಬರದ ಉಪ್ಪುನೀರು ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮೇಲೇರುತ್ತದೆ. ಈ ಕಡೆಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿ ಹಲಗೆ ಇಳಿಸುವುದು ಉಪ್ಪು ಗದ್ದೆ-ಬಾವಿಗೆ ನುಗ್ಗದಿರಲೆಂದೇ. ಅಪ್ಪಟ ಸಿಹಿನೀರಿನ ಮೀನೇ ಬೇಕೆಂಬ ಹಟವಿದ್ದರೆ ಮೂಡಣಕ್ಕೆ, ಉಪ್ಪು ತಲುಪದಷ್ಟು ದೂರ ಹೋಗಿ.

ಹಂತ 1: ತಿಂಗಳು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಕಡಲಲ್ಲಿ ಮೀನುಗಾರಿಕೆ ನಿಷೇಧ. ನಾಡದೋಣಿಗಳಿಗೆ ವಿನಾಯಿತಿ ಇದೆ, ನಿಮಗೆ ಇಲ್ಲ ಎಂದುಕೊಳ್ಳಿ. ದಡದ ಬಂಡೆಯ ಮೇಲೆ ಕೂತು ಗಾಳ ಹಾಕಬೇಡಿ ಎನ್ನುವ ಕಾನೂನು ಬೇಕಾಗಿಲ್ಲ, ಅಲೆ ನೋಡಿದರೆ ಸಾಕು. ಆಗ ಹೊಳೆಗೆ ಹೋಗುತ್ತೇನೆ ಎನ್ನುತ್ತೀರಿ. ಮುಂಗಾರಿನ ಮೊದಲ ನೆರೆಗೆ ತೋಡು, ಗದ್ದೆಗಳಿಗೆ ಏರಿ ಬರುವ ಹತ್ತುಮೀನು ಕೈಯಲ್ಲೇ ಸಿಗುತ್ತದೆ ಎಂಬುದು ನಿಜ. ಅದರ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ ಎಂಬುದೂ ನಿಜ. ಒಂದು ಬುಟ್ಟಿ ಹತ್ತುಮೀನು ಹಿಡಿದವನು ಮುಂದಿನ ವರ್ಷದ ಹೊಳೆಯನ್ನೇ ಖಾಲಿ ಮಾಡಿದ ಹಾಗೆ. ಇದರಲ್ಲಿ ತಮಾಷೆ ಇಲ್ಲ, ಬಿಟ್ಟುಬಿಡಿ.

ಹೊಸ ಅಳಿಯನಾಗಿದ್ದರೆ ಮಳೆಗಾಲದಲ್ಲಿ ನಿಮಗೆ ಬೇರೆ ಕೆಲಸವಿದೆ. ಕರ್ಕಾಟಕ ಅಮಾವಾಸ್ಯೆಯ ದಿನ ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಜಾತ್ರೆ. ಅಂದು ಜನ ಕಡಲಲ್ಲೂ ಮೀಯುತ್ತಾರೆ, ಹೊಳೆಯಲ್ಲೂ ಮೀಯುತ್ತಾರೆ. ಎರಡರಲ್ಲಿ ಒಂದನ್ನು ಆರಿಸುವ ಗೋಜಿಗೆ ಆ ಊರಿನವರು ಹೋಗಲೇ ಇಲ್ಲ ಎಂಬುದನ್ನು ಗಮನಿಸಿ.

ಹಂತ 2: ವಾರ ನೋಡಿ. ಸೋಮವಾರವೋ ಶನಿವಾರವೋ ಸಂಕ್ರಾಂತಿಯೋ, ಆ ಮನೆಯಲ್ಲಿ ಯಾವತ್ತು ಮೀನು ವರ್ಜ್ಯ ಎಂದು ಹೆಂಡತಿಯನ್ನು ಮೊದಲೇ ಕೇಳಿಕೊಳ್ಳಿ. ಅಂಥ ದಿನ ಹಿಡಿದ ಮೀನು ಎಷ್ಟೇ ದೊಡ್ಡದಿರಲಿ, ಅಂಗಳ ದಾಟುವುದಿಲ್ಲ.

ಹಂತ 3: ಮೀನಿನ ಕಷ್ಟ ಅರ್ಥ ಮಾಡಿಕೊಳ್ಳಿ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಹೊಳೆಮೀನಿನ ಮೈಯೊಳಗೆ ನೀರು ತಾನಾಗಿಯೇ ಇಳಿಯುವುದರಿಂದ ಅದು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ, ಮೂತ್ರ ಮಾತ್ರ ಧಾರಾಳ. ಕಡಲಮೀನಿನ ಮೈಯಿಂದ ನೀರು ಸೋರಿಹೋಗುತ್ತಲೇ ಇರುತ್ತದೆ. ಹಾಗಾಗಿ ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಮಾವನ ಮನೆಯಲ್ಲಿ ಅಳಿಯನೂ ಕಡಲಮೀನೇ: ಕೊಟ್ಟಿದ್ದನ್ನೆಲ್ಲ ಕುಡಿಯಬೇಕು, ಬೇಡದ್ದನ್ನು ಸದ್ದಿಲ್ಲದೆ ಹೊರಗೆ ಬಿಡಬೇಕು.

ಹಂತ 4: ಸಲಕರಣೆ. ಬೆಂಗಳೂರಿನಿಂದ ಆನ್‌ಲೈನಿನಲ್ಲಿ ತರಿಸಿದ ಮಡಚುವ ರಾಡ್, ಹಲ್ಲು ಕಿರಿಯುವ ರೀಲ್, ಬಣ್ಣದ ಪ್ಲಾಸ್ಟಿಕ್ ಮೀನುಗಳ ಡಬ್ಬಿ ಇವನ್ನೆಲ್ಲ ಮಕ್ಕಳ ಕೈಗೆ ಕೊಡಿ. ಫೋಟೋ ಚೆನ್ನಾಗಿ ಬರುತ್ತದೆ. ಕಡಲಿಗೆ ಒಯ್ದರೆ ಸಂಜೆಯೇ ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಮುಂದಿನ ರಜೆಗೆ ಅದು ತಿರುಗುವುದಿಲ್ಲ. ನೀವು ಭಾವನ ಹಿಂದೆ ನಡೆಯಿರಿ. ಅವರ ಕೈಯಲ್ಲಿರುವುದು ತಂಗೂಸು ದಾರ ಸುತ್ತಿದ ಖಾಲಿ ನೀರಿನ ಬಾಟಲಿ, ತುದಿಗೆ ಸೀಸದ ಗುಂಡು, ಅದರ ಬಳಿಯೇ ಉಗುರಿನಷ್ಟು ಗಾಳ.

ಕಾಣೆ ಹಿಡಿಯುವುದಾದರೆ ಅಷ್ಟು ಚಿಕ್ಕ ಗಾಳವೇ ಬೇಕು, ಆ ಮೀನಿನ ಬಾಯಿ ಸಣ್ಣದು. ಸುಲಿದ ಚಟ್ಲಿಯ (ಸಿಗಡಿಯ) ಚೂರನ್ನು ಗಾಳದ ಬಾಗಿಗೆ ಸರಿಯಾಗಿ ಏರಿಸಿ, ಮೊನೆ ಕಂಡೂ ಕಾಣದ ಹಾಗೆ ಬಿಡುತ್ತಾರೆ. ಗುಂಡನ್ನು ಪಕ್ಕದಲ್ಲಿ ಎರಡು ಸುತ್ತು ತಿರುಗಿಸಿ ಬೀಸಿದರೆ ಬಾಟಲಿಯ ಬಾಯಿಯಿಂದ ದಾರ ಸರಸರ ಬಿಚ್ಚಿಕೊಳ್ಳುತ್ತದೆ. ಆಮೇಲೆ ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಸುಮ್ಮನೆ ನಿಲ್ಲುವುದೇ ಕೆಲಸ. ಅಲೆ ಎಳೆದಾಗ ದಾರ ಉದ್ದಕ್ಕೆ ಜಗ್ಗುತ್ತದೆ. ಕಾಣೆ ಮುಟ್ಟಿದಾಗ ಟಕ್ ಟಕ್ ಎಂದು ಬಡಿಯುತ್ತದೆ. ಘಟ್ಟದ ಮೇಲಿನವರು ಮೊದಲ ಟಕ್ಕಿಗೇ ಇಡೀ ಮೈಯಿಂದ ಎಳೆಯುತ್ತಾರೆ, ಬರಿಗಾಳ ಬರುತ್ತದೆ. ಎರಡನೆಯದಕ್ಕೆ ಮಣಿಕಟ್ಟಿನಿಂದ ಒಂದೇ ಒಂದು ಚಿಕ್ಕ ಜಗ್ಗು ಸಾಕು.

ಹಂತ 5: ಹೊತ್ತು. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ನೀರಿನ ಏರಿಳಿತ ಜೋರು. ಇವತ್ತು ಆರಕ್ಕೆ ಮೀನು ಸಿಕ್ಕಿತೆಂದು ನಾಳೆಯೂ ಆರಕ್ಕೇ ಹೊರಡುವವರು ನೌಕರಿಯವರು. ನೆರೆಮನೆಯವರು ಅವರನ್ನು ಹಾಗೆಯೇ ಗುರುತಿಸುತ್ತಾರೆ.

ಎಚ್ಚರಿಕೆ. ಮೀಸೆಯ ತೇಡೆ ಸಿಕ್ಕಿದರೆ ಹೆಮ್ಮೆಯಿಂದ ಮುಷ್ಟಿಯಲ್ಲಿ ಹಿಡಿಯಬೇಡಿ. ಬೆನ್ನಿನ ಮೇಲೊಂದು, ಎರಡು ಪಕ್ಕೆಗೆ ಒಂದೊಂದು ಗರಗಸದಂಥ ವಿಷದ ಮುಳ್ಳಿದೆ. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿಡಿ, ನೋವು ತಗ್ಗುತ್ತದೆ, ಆಮೇಲೆ ಡಾಕ್ಟರರನ್ನು ನೋಡಿ. ಮುಟ್ಟಿದೊಡನೆ ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಮೀನನ್ನು ಮಕ್ಕಳಿಗೆ ತೋರಿಸಿ ನೀರಿಗೆ ಬಿಡಿ, ಅದು ವಿಷ. ಒದ್ದೆ ಬಂಡೆಯ ಮೇಲೆ ಚಪ್ಪಲಿ ಹಾಕಿ ನಿಲ್ಲಬೇಡಿ.

ಈಗ ಆಯ್ಕೆ. ನನ್ನ ಓಟು ಅಳಿವೆಗೆ. ಉಪ್ಪೂ ಸಿಹಿಯೂ ಬೆರೆಯುವ ಆ ನೀರಿನಲ್ಲಿ ಎರಡೂ ಕಡೆಯ ಮೀನು ಓಡಾಡುತ್ತವೆ, ಅಲೆಯ ಅಬ್ಬರ ಕಡಿಮೆ, ಕೂರಲು ತೆಂಗಿನ ನೆರಳಿದೆ, ಮಾವನಿಗೂ ಮಂಡಿನೋವಿನ ನೆಪ ಹೇಳಬೇಕಾಗಿಲ್ಲ. ಆದರೆ ನಿಮ್ಮ ತೀರ್ಮಾನಕ್ಕೆ ಅಡುಗೆಮನೆಯಲ್ಲಿ ಬೆಲೆ ಇದೆ ಎಂದುಕೊಂಡು ಹೊರಡಬೇಡಿ. ಅತ್ತೆ ಬಾಗಿಲಲ್ಲೇ ನಿಂತು ಹೇಳುತ್ತಾರೆ: "ನೀವ್ ಎಂತ ತಂದ್ರೂ ಅಡ್ಡಿಲ್ಲೆ, ನಾನ್ ಬಂಗ್ಡಿಗ್ ಮಸಾಲಿ ಕಡ್ದ್ ಆಯ್ತ್."

ದೋಷ ನಿವಾರಣೆ. ಏನೂ ಸಿಗದಿದ್ದರೆ ಬರುವ ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಮೀನಿನ ಹೆಂಗಸರ ಬಳಿ ಬಂಗುಡೆ ಕೊಳ್ಳಿ. ಕಿವಿರು ಎತ್ತಿ ಕೆಂಪಗಿದೆಯೇ ನೋಡಿ, ಕಣ್ಣು ಗುಳಿಬಿದ್ದಿದ್ದರೆ ಬೇಡ. ಮಂಜುಗಡ್ಡೆ ಮೆತ್ತಿಕೊಂಡಿದ್ದರೆ ತೊಳೆದುಕೊಂಡು ಹೋಗಿ. ನಾನೇ ಹಿಡಿದೆ ಎಂದು ಮನೆಯಲ್ಲಿ ಹೇಳಬೇಡಿ, ಬಂಗುಡೆ ಆ ದಡದಲ್ಲಿ ಗಾಳಕ್ಕೆ ಬೀಳುವ ಮೀನಲ್ಲ. ಚೌಕಾಸಿಯನ್ನಂತೂ ಮಾಡಲೇಬೇಡಿ, ಆ ಹೆಂಗಸರಿಗೆ ನಿಮ್ಮ ಅತ್ತೆಯ ಗುರುತಿದೆ.