ಆ್ಯಪ್ ಕಾಣದಿದ್ದಲ್ಲಿ: ನಾಲ್ಕು ತಾಲ್ಲೂಕುಗಳ ಬಳಕೆದಾರರ ಕೈಪಿಡಿ

ಈ ಕೈಪಿಡಿ ಯಾರಿಗೆ

ಹಾನಗಲ್ಲಿನಲ್ಲಿ ಮುಖ್ಯ ಕಚೇರಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಶಾಖೆ ಇರುವ ಯಾವುದೇ ಸೊಸೈಟಿಗೆ ಇದು ಅನ್ವಯ. ಗೋವಿನಜೋಳದ ಆವಕ, ಗೊಬ್ಬರದ ದಾಸ್ತಾನು, ಸಾಲ ವಸೂಲಿ ಎಲ್ಲವನ್ನೂ ಪವರ್ ಬಿಐ ವರದಿ ಮಾಡಿ, ಆ್ಯಪ್ ಆಗಿ ಶಾಖೆಗಳಿಗೆ ಹಂಚಿ, ಅಪ್‌ಡೇಟ್ ಒತ್ತಿದ ಮರುಗಳಿಗೆಗೆ "ಸರ, ನಮಗ ಏನೂ ಕಾಣವಲ್ದು ರೀ" ಎಂಬ ಫೋನ್ ಎತ್ತಬೇಕಾದವರಿಗಾಗಿ ಬರೆದದ್ದು. ಅವರನ್ನು ಮುಂದೆ 'ಕಂಪ್ಯೂಟರ್ ಹುಡುಗ' ಎನ್ನಲಾಗುವುದು. ನಿವೃತ್ತಿಯ ಅಂಚಿಗೆ ಬಂದರೂ ಕಚೇರಿಯಲ್ಲಿ ಹಾಗೇ ಕರೆಯುತ್ತಾರೆ.

ಪೆಟ್ಟಿಗೆಯೊಳಗೆ ಏನೇನಿದೆ

ಒಂದು ವರ್ಕ್‌ಸ್ಪೇಸ್, ಒಂದು ಆ್ಯಪ್. ವರ್ಕ್‌ಸ್ಪೇಸ್ ಅಡುಗೆಮನೆ, ಆ್ಯಪ್ ಊಟದ ಪಂಕ್ತಿ. ಒಳಗೆ ಸಾರಿಗೆ ಎಷ್ಟೇ ಒಗ್ಗರಣೆ ಹಾಕಿದರೂ 'ಅಪ್‌ಡೇಟ್ ಆ್ಯಪ್' ಒತ್ತಿ ಬಡಿಸುವವರೆಗೆ ಪಂಕ್ತಿಯವರ ಎಲೆಗೆ ಹಳೆಯದೇ.

ನಾಲ್ಕು ಹುದ್ದೆಗಳು: ಅಡ್ಮಿನ್, ಮೆಂಬರ್, ಕಾಂಟ್ರಿಬ್ಯೂಟರ್, ವ್ಯೂವರ್. ಕಾಂಟ್ರಿಬ್ಯೂಟರ್ ವರದಿ ತಿದ್ದಬಹುದು. ಅಡ್ಮಿನ್ ಪ್ರತ್ಯೇಕವಾಗಿ ಒಪ್ಪಿಗೆ ಕೊಡದ ಹೊರತು ಆ್ಯಪ್ ಅಪ್‌ಡೇಟ್ ಮಾಡುವಂತಿಲ್ಲ. ದುಡಿಯುವವನೊಬ್ಬ, ಸಹಿ ಹಾಕುವವನೊಬ್ಬ ಎಂಬ ಪದ್ಧತಿ ಸೊಸೈಟಿಗೆ ಹೊಸದಲ್ಲವಾದ್ದರಿಂದ ಇದಕ್ಕೆ ಬೇರೆ ತರಬೇತಿ ಬೇಕಿಲ್ಲ.

ಕೆಲವು ಗುಂಪುಗಳು. ಇವು ಆ್ಯಪ್‌ನಲ್ಲಿ ಇರುವುದಿಲ್ಲ, ಮೈಕ್ರೋಸಾಫ್ಟ್ ಎಂಟ್ರಾ ಐಡಿಯಲ್ಲಿ ಇರುತ್ತವೆ. 2023ರವರೆಗೆ ಅದರ ಹೆಸರು ಅಜೂರ್ ಆಕ್ಟಿವ್ ಡೈರೆಕ್ಟರಿ. ಗುಂಪಿಗೆ ಜನರನ್ನು ಸೇರಿಸುವ ಕೀಲಿ ಇನ್ನೊಬ್ಬರ ಕೈಯಲ್ಲಿದ್ದು, ಅವರು ಸಾಮಾನ್ಯವಾಗಿ ಹುಬ್ಬಳ್ಳಿಯಲ್ಲಿರುತ್ತಾರೆ, ಫೋನ್ ಎತ್ತುವುದಿಲ್ಲ.

ಒಬ್ಬರು ಚೇರ್ಮನ್ರು. (ಪ್ರತ್ಯೇಕ ಸೂಚನೆ ಕೆಳಗಿದೆ.)

ಸುರಕ್ಷತಾ ಎಚ್ಚರಿಕೆ

ಫೋನ್ ಕಾಟ ತಾಳಲಾರದೆ ಎಲ್ಲರನ್ನೂ ಅಡ್ಮಿನ್ ಮಾಡಬೇಡಿ. ಮಾಡಿದರೆ ದೂರುಗಳೇನೋ ಆ ಗಳಿಗೆಗೇ ನಿಲ್ಲುತ್ತವೆ. ಆದರೆ ಯಾರಿಗೆ ಯಾವ ಸಾಲು ಕಾಣಬೇಕೆಂದು ನೀವು ಕಟ್ಟಿದ ಬೇಲಿ, ಅಂದರೆ 'ರೋ ಲೆವೆಲ್ ಸೆಕ್ಯೂರಿಟಿ', ವ್ಯೂವರ್ ಮತ್ತು ಆ್ಯಪ್ ಬಳಕೆದಾರರನ್ನಷ್ಟೇ ತಡೆಯುತ್ತದೆ. ಮೇಲಿನ ಮೂರು ಹುದ್ದೆಯವರಿಗೆ ಅದು ಲೆಕ್ಕಕ್ಕೇ ಇಲ್ಲ. ಸವಣೂರಿನವರಿಗೆ ಹಿರೇಕೆರೂರಿನ ಬಾಕಿದಾರರ ಪಟ್ಟಿ ತೆರೆದುಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಬೀಗರಿದ್ದರೆ ಮುಂದಿನ ಅನಾಹುತಕ್ಕೆ ಮೈಕ್ರೋಸಾಫ್ಟ್ ಜವಾಬ್ದಾರಿಯಲ್ಲ.

ಮ್ಯಾನೇಜರ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುವ ಪರಿಹಾರವೂ ನಿಷಿದ್ಧ. ನಮ್ಮ ರಾಜ್ಯದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದಾಗ ಪಾಸ್‌ವರ್ಡನ್ನಷ್ಟೇ ನಂಬದೆ ಸಿಬ್ಬಂದಿಯ ಬೆರಳಚ್ಚು ಕೇಳಿತು. "ಅದನ್ನ ನಾ ಮಾಡಿಲ್ರೀ, ಯಾರೋ ನನ್ನ ಹೆಸರಿನ್ಯಾಗ ಮಾಡ್ಯಾರ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲದಂತಾಯಿತು. ಒಳಗೆ ಬರುವವರು ತಮ್ಮ ಹೆಸರಿನಲ್ಲೇ ಬರಬೇಕು. ಹಕ್ಕು ಮಾತ್ರ ಹೆಸರಿಗಲ್ಲ, ಕುರ್ಚಿಗೆ ಸೇರಬೇಕು. ಕೈಪಿಡಿಯ ಉಳಿದ ಭಾಗವೆಲ್ಲ ಈ ಮಾತಿನ ವಿವರಣೆ.

ದೋಷ ಪತ್ತೆ

*ದೂರು 1: "ಲಿಂಕ್ ಒತ್ತಿದ್ರ, ಅನುಮತಿ ಕೇಳ್ರಿ ಅಂತೈತಿ."*
ಆ್ಯಪ್‌ನ ಆಡಿಯನ್ಸ್ ಪಟ್ಟಿಯಲ್ಲಿ ಅವರ ಗುಂಪು ಇದೆಯೇ ನೋಡಿ. ಇದ್ದರೆ, ಗುಂಪಿನೊಳಗೆ ಅವರಿದ್ದಾರೆಯೇ ನೋಡಿ. ಎರಡೂ ಬೇರೆ ಬೇರೆ ಪ್ರಶ್ನೆ. ಗುಂಪಿಗೆ ಈಗಷ್ಟೇ ಸೇರಿಸಿದ್ದರೆ ಲಾಗೌಟ್ ಆಗಿ ಮತ್ತೆ ಬರಲು ಹೇಳಿ, ಚಹಾ ಕುಡಿಯಲು ಹೇಳಿ, ಆಮೇಲೂ ಆಗದಿದ್ದರೆ ನಾಳೆ ನೋಡಲು ಹೇಳಿ. ಈ ಅವಧಿಯಲ್ಲಿ ಅಪ್‌ಡೇಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ನಿಮ್ಮ ಬೆರಳಿಗೆ ವ್ಯಾಯಾಮ.

*ದೂರು 2: "ಉಳಿದವರಿಗೆ ಬಂದೈತಿ, ಹಿರೇಕೆರೂರಿಗಷ್ಟ ಇಲ್ಲ."*
ಗುಂಪು ಕಟ್ಟಿದವರು ಕಂದಾಯ ಇಲಾಖೆಯ ನಕ್ಷೆ ನೋಡಿ ಕಟ್ಟಿರುತ್ತಾರೆ. ಸವಣೂರು ಉಪವಿಭಾಗಕ್ಕೆ ಸವಣೂರು, ಶಿಗ್ಗಾಂವಿ, ಹಾನಗಲ್ ಸೇರುತ್ತವೆ. ಹಿರೇಕೆರೂರು ಹಾವೇರಿ ಉಪವಿಭಾಗದ್ದು. ಉಪವಿಭಾಗದ ಗುಂಪಿಗೆ ಅನುಮತಿ ಕೊಟ್ಟು ನಾಲ್ಕೂ ತಾಲ್ಲೂಕಿಗೆ ಕೊಟ್ಟೆವೆಂದು ಕುಳಿತರೆ ಹೀಗಾಗುತ್ತದೆ. ಶಾಖೆಗೊಂದು ಗುಂಪು ಮಾಡಿ. ಸರ್ಕಾರದ ಗಡಿಗಳು ಸರ್ಕಾರದ ಅನುಕೂಲಕ್ಕೆ.

*ದೂರು 3: "ತೆರೀತೈತಿ, ಆದ್ರ ಒಳಗ ಖಾಲಿ."*
ಆ್ಯಪ್‌ಗೆ ಪ್ರವೇಶ ಸಿಕ್ಕಿದೆ, ಸಾಲುಗಳಿಗೆ ಸಿಕ್ಕಿಲ್ಲ. ಕಾರಣ ಮೂರು ಇರಬಹುದು. ಒಂದು, ಸಾಲು ಕಾಯುವ ಯಾವ ರೋಲ್‌ಗೂ ಅವರ ಗುಂಪನ್ನು ಸೇರಿಸಿಲ್ಲ. ಎರಡು, ನೀವು ಮಾಡಿದ್ದು ಮೈಕ್ರೋಸಾಫ್ಟ್ 365 ಗುಂಪು. ಸಾಲು ಕಾಯುವ ರೋಲ್ ಅದನ್ನು ಒಪ್ಪುವುದಿಲ್ಲ, ಅಲ್ಲಿಗೆ ಸೆಕ್ಯೂರಿಟಿ ಗುಂಪು ಮಾಡಿ. ಮೂರು, ಕೋಷ್ಟಕದಲ್ಲಿ ಒಬ್ಬರು 'ಹಾನಗಲ್', ಇನ್ನೊಬ್ಬರು 'ಹಾನಗಲ್ಲ' ಎಂದು ತುಂಬಿದ್ದಾರೆ. ಊರಿನವರಿಗೆ ಎರಡೂ ಒಂದೇ, ಯಂತ್ರಕ್ಕಲ್ಲ. ತಾಲ್ಲೂಕಿಗೊಂದು ಸಂಕೇತ ಸಂಖ್ಯೆ ಇಡಿ. ಹಿರೇಕೆರೂರಿನಿಂದ ಬೇರೆಯಾದ ರಟ್ಟೀಹಳ್ಳಿಗೆ ರೋಲ್ ಬರೆದಿದ್ದೀರಾ ಎಂಬುದನ್ನೂ ನೋಡಿ. ತಾಲ್ಲೂಕು ಹುಟ್ಟಿದ್ದನ್ನು ಗೆಜೆಟ್ ನಿಮ್ಮ ಸರ್ವರ್‌ಗೆ ಕಳಿಸಿಕೊಡುವುದಿಲ್ಲ.

*ದೂರು 4: "ಹೊಸಾ ವರದಿ ಒಂದ ಬಂದಿಲ್ಲ."*
ಪ್ರತಿ ಆಡಿಯನ್ಸ್‌ನಲ್ಲೂ ವರದಿಯ ಪಕ್ಕದ ಕಣ್ಣಿನ ಗುರುತು ತೆರೆದಿದೆಯೇ ನೋಡಿ. ತೆರೆದಿದ್ದರೂ ಕಾಣದಿದ್ದರೆ, ಆ ವರದಿಯ ದತ್ತಾಂಶ ಬೇರೊಂದು ವರ್ಕ್‌ಸ್ಪೇಸ್‌ನಲ್ಲಿ ಇರಬಹುದು. ಅಲ್ಲಿಯೂ ಅನುಮತಿ ಬೇಕು.

*ದೂರು 5: "ದುಡ್ಡು ಕಟ್ಟರಿ ಅಂತ ಬರ್ತೈತಿ."*
ಇದು ಅನುಮತಿಯ ದೋಷವಲ್ಲ, ಲೈಸೆನ್ಸಿನದು. ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು, ಇಲ್ಲವೇ ವರ್ಕ್‌ಸ್ಪೇಸ್ ಎಫ್64 ಅಥವಾ ಅದಕ್ಕಿಂತ ದೊಡ್ಡ ಕೆಪಾಸಿಟಿಯಲ್ಲಿರಬೇಕು. ಕಡತವನ್ನು ಆಡಳಿತ ಮಂಡಳಿಯ ಮುಂದಿಡಿ. ಅಲ್ಲಿಂದಾಚೆಗಿನ ವಿಳಂಬ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಚೇರ್ಮನ್ರಿಗೆ ಸಂಬಂಧಿಸಿದ ಸೂಚನೆ

ಚೇರ್ಮನ್ರು ಎಲ್ಲ ಶಾಖೆಯ ಎಲ್ಲ ಅಂಕಿಗಳನ್ನೂ ನೋಡುವ ಹಕ್ಕು ಕೇಳುತ್ತಾರೆ. ಅವರ ಹೆಸರು ಹಾಕದೆ 'ಅಧ್ಯಕ್ಷರು' ಎಂಬ ಗುಂಪು ಮಾಡಿ, ಅದರಲ್ಲಿ ಅವರೊಬ್ಬರನ್ನೇ ಕೂರಿಸಿ. ಒಬ್ಬರಿಗೆ ಗುಂಪೇಕೆ ಎಂದರೆ, ಮುಂದೆ ಚುನಾವಣೆ ಇದೆ. ಹಕ್ಕು ಕೊಟ್ಟ ಮೇಲೆ ಅವರು ಆ್ಯಪ್ ತೆರೆಯುವುದಿಲ್ಲ. "ತಮ್ಮಾ, ಒಂದ ಪ್ರಿಂಟ್ ತಗದ ಕೊಡು" ಎನ್ನುತ್ತಾರೆ. ಕೊಡಿ. ಪ್ರಿಂಟಿಗೆ ರೋ ಲೆವೆಲ್ ಸೆಕ್ಯೂರಿಟಿ ಇರುವುದಿಲ್ಲ ಎಂಬುದನ್ನು ಮಾತ್ರ ವಿನಯದಿಂದ ತಿಳಿಸಿ.

ನಿರ್ವಹಣೆ ಮತ್ತು ವಾರಂಟಿ

ಮೇಲಿನ ದೂರುಗಳಲ್ಲಿ ಬಹುಪಾಲು ಅಪ್‌ಡೇಟಿನಿಂದ ಹುಟ್ಟಿದವಲ್ಲ. ಅಪ್‌ಡೇಟಿನ ದಿನ ಬೆಳಕಿಗೆ ಬಂದವು. ಹುಟ್ಟಿದ್ದು ಯಾರೋ ಶಿಗ್ಗಾಂವಿಯಿಂದ ಸವಣೂರಿಗೆ ವರ್ಗವಾಗಿ ಹೋದ ದಿನ. ಅಂದು ಅವರು ಬೀಗದ ಗೊಂಚಲು, ಕ್ಯಾಶ್ ಬುಕ್, ರಬ್ಬರ್ ಸ್ಟಾಂಪು, ಕೊನೆಗೆ ಎರಡು ಪ್ಲಾಸ್ಟಿಕ್ ಕುರ್ಚಿಯವರೆಗೂ ಎಣಿಸಿ ಚಾರ್ಜ್ ಕೊಟ್ಟರು. ಗುಂಪಿನ ಸದಸ್ಯತ್ವವನ್ನು ಯಾರೂ ಕೇಳಲಿಲ್ಲ. ಹಾಗಾಗಿ ಹೋದವರಿಗೆ ಹಳೆಯ ಶಾಖೆ ಕಾಣುತ್ತಲೇ ಇದೆ, ಬಂದವರಿಗೆ ಏನೂ ಕಾಣುತ್ತಿಲ್ಲ. ಇಬ್ಬರಲ್ಲಿ ಫೋನ್ ಮಾಡುವವರು ಬಂದವರು ಮಾತ್ರ. ಹೆಚ್ಚು ಕಾಣುತ್ತಿದೆ ಎಂದು ದೂರು ಕೊಟ್ಟವರು ಈವರೆಗೆ ಯಾವ ಕಚೇರಿಯಲ್ಲೂ ಇಲ್ಲ.

ಆದ್ದರಿಂದ ಚಾರ್ಜ್ ಪಟ್ಟಿಗೆ ಒಂದು ಸಾಲು ಸೇರಿಸಿ: 'ಹಳೆಯ ಗುಂಪಿನಿಂದ ಹೆಸರು ತೆಗೆಯಲಾಗಿದೆ, ಹೊಸ ಗುಂಪಿಗೆ ಸೇರಿಸಲಾಗಿದೆ.' ಈ ಸಾಲು ಸೇರಿಸಲು ಅಡ್ಮಿನ್ ಆಗಬೇಕಿಲ್ಲ, ಲೈಸೆನ್ಸೂ ಬೇಕಿಲ್ಲ. ಆಡಳಿತ ಮಂಡಳಿಯ ಠರಾವು ಬೇಕು. ಅದಕ್ಕೆ ಕೋರಂ ಆಗಬೇಕು.