ವಾಳೂಜ್ ಸಾಂಕ್ರಾಮಿಕ ಮೀಮಾಂಸೆ: ಪ್ರಥಮ ಸಂಪುಟದ ಉಪೋದ್ಘಾತ

ಪೂರ್ವಸೂರಿಗಳು ಸೋಂಕುಗಳನ್ನು ಸಂಪರ್ಕಜನ್ಯ, ಬಿಂದುಜನ್ಯ, ವಾಯುಜನ್ಯ, ಜಲಾನ್ನಜನ್ಯ, ಕೀಟವಾಹಿತ ಎಂದು ಪಂಚಧಾ ವಿಭಾಗಿಸಿದ್ದಾರೆ. ಕೆಮ್ಮಿನ ಕಣ 5 ಮೈಕ್ರಾನ್ ಮೀರಿದರೆ ಬಿಂದು, ಮೀರದಿದ್ದರೆ ವಾಯು. ಕಣಕ್ಕೆ ಈ ಸಂಗತಿ ತಿಳಿದಿರಲಿಲ್ಲ. ಕೋವಿಡ್ ವಾಯುಜನ್ಯವಲ್ಲವೆಂದು 2020ರ ಮಾರ್ಚ್ 28ರಂದು ಸಾರಿದ ವಿಶ್ವ ಆರೋಗ್ಯ ಸಂಸ್ಥೆ, 2024ರ ಏಪ್ರಿಲ್‌ನಲ್ಲಿ ಬಿಂದು-ವಾಯು ಭೇದವನ್ನೇ ಕೈಬಿಟ್ಟಿತು. ದ್ವೈತ ಅದ್ವೈತವಾಗಲು ನಾಲ್ಕು ವರ್ಷ ಸಾಕಾಯಿತು. ನಮ್ಮ ಮಠಗಳಿಗೆ ಏಳು ಶತಮಾನವೂ ಸಾಲಲಿಲ್ಲ.

ಈ ಶಾಸ್ತ್ರಕ್ಕೆ ಒಗ್ಗದ ಊರು ವಾಳೂಜ್. ಔರಂಗಾಬಾದ್ (ಈಗ ಛತ್ರಪತಿ ಸಂಭಾಜಿನಗರ) ಪಕ್ಕದ ಕೈಗಾರಿಕಾ ಪ್ರದೇಶ. 2020ರ ಜುಲೈ ಆರಂಭದಲ್ಲಿ ಅಲ್ಲಿನ ಬಜಾಜ್ ಆಟೊ ಕಾರ್ಖಾನೆಯ 8,000ಕ್ಕೂ ಮಿಕ್ಕ ನೌಕರರಲ್ಲಿ 250 ಮಂದಿಗೆ ಸೋಂಕು ತಗಲಿದೆ, ಕೆಲವು ದಿನ ಬಾಗಿಲು ಹಾಕಿ ಎಂದು ಕಾರ್ಮಿಕ ಸಂಘ ಕೇಳಿತು. ನಗರಕ್ಕೂ ವಾಳೂಜ್‌ಗೂ ಜುಲೈ 10ರಿಂದ 18ರವರೆಗೆ ಲಾಕ್‌ಡೌನ್ ಬಂತು. ಇಂಥ ಊರುಗಳಿಗಾಗಿ ಈ ಅಲ್ಪಮತಿ ಕೆಲವು ನೂತನ ವರ್ಗಗಳನ್ನು ವಿದ್ವಜ್ಜನರ ಮುಂದಿಡುತ್ತಾನೆ.

ಅ) ಕೊಠಡಿಜನ್ಯ: ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುವುದರಿಂದ ಉಂಟಾಗತಕ್ಕದ್ದು. ಔಷಧ: ಆರಡಿ ಅಂತರ. ಅನುಪಾನ: ಇನ್ನೊಂದು ಕೊಠಡಿಯ ಬಾಡಿಗೆ, ರೋಗಿಯ ಖರ್ಚಿನಲ್ಲಿ.

ಆ) ವೇತನವಾಹಿತ: ಜ್ವರ ಬಂದವನು ಮಾತ್ರೆ ನುಂಗಿ, ಮೈ ತಣ್ಣಗಾದ ಮೇಲೆ ಗೇಟಿನ ಥರ್ಮಾಮೀಟರಿಗೆ ಹಣೆಯೊಡ್ಡುವುದು ಲಕ್ಷಣ. ಇದರಲ್ಲಿ ಎರಡು ಉಪಜಾತಿ. ಇಎಸ್‌ಐ ವಿಮೆ ಇದ್ದವನಿಗೆ ಕಾಯಿಲೆಯ ಕಾಲದಲ್ಲಿ ಕೂಲಿಯ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಗುತ್ತಿಗೆದಾರನು ಹೆಸರನ್ನೇ ಬರೆದುಕೊಳ್ಳದವನಿಗೆ ರೋಗನಿರೋಧಕ ಶಕ್ತಿ ಹುಟ್ಟಿನಿಂದಲೇ ಇರುತ್ತದೆಂದು ಊಹಿಸತಕ್ಕದ್ದು.

ಇ) ಶಾಸನಜನ್ಯ: ಮುಂಬಯಿ ಪ್ಲೇಗಿಗೆ ಹೆದರಿ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ 2020ರಲ್ಲೂ ನಮ್ಮನ್ನು ಆಳಿತು. ‘ಅಪಾಯಕಾರಿ ಸಾಂಕ್ರಾಮಿಕ ರೋಗ’ ಎಂದರೇನೆಂದು ಅದು ಎಲ್ಲೂ ಹೇಳುವುದಿಲ್ಲ. ಆದೇಶ ಮೀರಿದವನಿಗೆ ಶಿಕ್ಷೆ ಏನೆಂಬುದನ್ನು ಮಾತ್ರ ಮರೆಯದೆ ಹೇಳುತ್ತದೆ. ಲಕ್ಷಣವಿಲ್ಲದ ರೋಗ ಕೇಳಿದ್ದೆವು, ಲಕ್ಷಣವಿಲ್ಲದ ಕಾಯ್ದೆಯೂ ಉಂಟು.

ಈ) ಹಳಿಜನ್ಯ: ಇದಕ್ಕೆ ಲಕ್ಷಣ, ಉಪಜಾತಿ ಬರೆಯಲು ಕೈ ಬಾರದು. 2020ರ ಮೇ 8ರ ಬೆಳಗಿನ ಜಾವ, ಅದೇ ಜಿಲ್ಲೆಯ ಕರಮಾಡ್ ಬಳಿ ಗೂಡ್ಸ್ ರೈಲು 16 ಮಂದಿಯ ಮೇಲೆ ಹರಿಯಿತು. ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದವರು. ಕೆಲಸ ನಿಂತಿತ್ತು, ಬಸ್ಸಿರಲಿಲ್ಲ. ಊರಿಗೆ ಹೋಗುವ ರೈಲು ಸಿಕ್ಕೀತೆಂದು ಭುಸಾವಳದ ದಿಕ್ಕಿಗೆ ಹಳಿ ಹಿಡಿದು ನಡೆದು, ಸೋತು, ಅಲ್ಲೇ ಮಲಗಿದ್ದರು. ಹಳಿಯ ಮೇಲೆ ಯಾಕೆ ಮಲಗಬೇಕಿತ್ತು ಎಂದು ಕೇಳಿದ ಸುಶಿಕ್ಷಿತರು ನಮ್ಮಲ್ಲಿದ್ದರು. ಅವರು ಯಾವ ವರ್ಗಕ್ಕೆ ಸೇರಿದವರೋ, ಅದನ್ನೂ ನಾನು ಬರೆಯಲಾರೆ.

ಉಳಿದ ವರ್ಗಗಳು ಹಾಳಾಗಿ ಹೋಗಲಿ. ಆ 1897ರ ಕಾಯ್ದೆ ತಿದ್ದುವವರಲ್ಲಿ ಒಂದೇ ಬೇಡಿಕೆ: ಜ್ವರ ಬಂದ ಗುತ್ತಿಗೆ ಕೆಲಸಗಾರ ಮನೆಯಲ್ಲಿ ಮಲಗಿದ ದಿನಗಳ ಕೂಲಿ ಕಡಿಯಕೂಡದು ಎಂದು ಅದರಲ್ಲಿ ಒಂದು ಸಾಲು ಸೇರಿಸಿ.