ಪೆಂಡ್ರೈವ್ ಸಾರ್

ಹಿಂದೆಲ್ಲ ಊರಿಗೆ ಹೊಸದಾಗಿ ಬಂದ ಮೇಷ್ಟ್ರು ಮೊದಲು ವಿಚಾರಿಸುತ್ತಿದ್ದುದು ಬಾಡಿಗೆ ಮನೆ, ಆಮೇಲೆ ಕುಡಿಯುವ ನೀರು, ಕೊನೆಗೆ ಮಕ್ಕಳ ಸಂಖ್ಯೆ. ಡಿ.ಎಲ್.ಇಡಿ. ಎರಡನೇ ವರ್ಷದ ಪ್ರಶಿಕ್ಷಣಾರ್ಥಿಯಾಗಿ ನಮ್ಮ ಶಾಲೆಗೆ ಬಂದವರು ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಪ್ರಶ್ನೆ: ‘ಸಾರ್, ಪ್ಲಗ್ ಪಾಯಿಂಟ್ ಎಲ್ಲಿದೆ?’

ನಮ್ಮದು ಚಾಮರಾಜನಗರ ಸೀಮೆಯ ಕಿರಿಯ ಪ್ರಾಥಮಿಕ ಶಾಲೆ. ತರಗತಿ 5, ಕೊಠಡಿ 3, ಶಿಕ್ಷಕರು 2: ಹೆಡ್ ಮಿಸ್ಸು ಮತ್ತು ನಾನು. ಪ್ಲಗ್ ಪಾಯಿಂಟ್ 1. ಅದೂ ಹೆಡ್ ಮಿಸ್ ಕೋಣೆಯ ಬೀರುವಿನ ಹಿಂದೆ, ಹಲ್ಲಿ ಮೊಟ್ಟೆ ಇಡುವ ಜಾಗದಲ್ಲಿ. ಇದನ್ನು ತಿಳಿಸಿದರೂ ಇವರ ಮುಖ ಬಾಡಲಿಲ್ಲ. ಬೆನ್ನಿನ ಬ್ಯಾಗು ಇಳಿಸಿ, ಜಿಪ್ಪು ಎಳೆದು, ಹಾವಾಡಿಗ ಬುಟ್ಟಿಗೆ ಕೈ ಹಾಕಿದಂತೆ ಕೈ ಹಾಕಿ ಮಾರುದ್ದದ ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆದರು. ಅದರ ಬಾಲ ಹಿಡಿದು ಎಚ್‌ಡಿಎಂಐ ಕೇಬಲ್ಲು, ಬ್ಲೂಟೂತ್ ಸ್ಪೀಕರು, ವೈರಿಲ್ಲದ ಮೌಸು, ಪವರ್ ಬ್ಯಾಂಕು ಒಂದೊಂದಾಗಿ ಹೊರಬಂದವು. ಎಲ್ಲಕ್ಕಿಂತ ತಳದಲ್ಲಿ ಸೀಮೆಸುಣ್ಣದ ಒಂದು ಚೂರಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೂ ಗೊತ್ತಿರಲಿಲ್ಲ.

ಪೆಂಡ್ರೈವು ಮಾತ್ರ ಬ್ಯಾಗಿನಲ್ಲಿರಲಿಲ್ಲ. ದಾರ ಕಟ್ಟಿ ಕೊರಳಿಗೆ ತಾಯಿತದಂತೆ ಹಾಕಿಕೊಂಡಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳು ನಾಮಕರಣ ಮುಗಿಸಿದ್ದರು.

ಇಂಥವರನ್ನು ನೀವೂ ನೋಡಿರುತ್ತೀರಿ. ಇಸ್ತ್ರಿ ಮಾಡಿದ ಅಂಗಿ, ಮೂರು ಬಣ್ಣದ ಶಾಯಿಯಲ್ಲಿ ಬರೆದ ಪಾಠ ಯೋಜನೆಯ ಫೈಲು, ಸದಾ ಅಡ್ಡಡ್ಡ ಹಿಡಿದ ಮೊಬೈಲು. ಹಾಜರಿಗಿಂತ ಮೊದಲು ಫೋಟೊ. ಅದರಲ್ಲಿ ಮಕ್ಕಳು, ಕಲಿಕೋಪಕರಣ, ತಾನು, ಮೂವರೂ ಬರಬೇಕು. ಜಾಗ ಸಾಲದಿದ್ದರೆ ಮೊದಲು ಹೊರಗೆ ಹೋಗುವವರು ಮಕ್ಕಳು. ಯಾವುದೋ ಮಗು ಎದ್ದು ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ ಸರಿಯುತ್ತರ ಹೇಳಿದರೆ ಇವರು, ‘ವೆರಿ ಗುಡ್! ಇನ್ನೊಂದು ಸಲ ಹೇಳು ಪುಟ್ಟ, ವಿಡಿಯೊ ಆನ್ ಆಗಿರಲಿಲ್ಲ’ ಎನ್ನುತ್ತಾರೆ. ಎರಡನೇ ಸಲಕ್ಕೆ ಆ ಮಗುವಿಗೆ ಉತ್ತರ ಮರೆತಿರುತ್ತದೆ.

ಇವರನ್ನು ಕಂಡು ನಗುವ ಹಕ್ಕು ನನಗಿಲ್ಲ. ಹಲ್ಲಿ ಮೊಟ್ಟೆ ಇಡುವ ಆ ಬೀರುವನ್ನು ತೆರೆದರೆ ನಮ್ಮ ಶಾಲೆಯ ತಂತ್ರಜ್ಞಾನದ ಚರಿತ್ರೆ ಪದರ ಪದರವಾಗಿ ಕೂತಿದೆ. ತೀರಾ ತಳದಲ್ಲಿ, 1987ರಲ್ಲಿ ಶುರುವಾದ ‘ಆಪರೇಷನ್ ಬ್ಲಾಕ್‌ಬೋರ್ಡ್’ ಕಾಲದ ಗಣಿತದ ಪೆಟ್ಟಿಗೆ. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆಂದು ಬೀಗ ಹಾಕಿಟ್ಟಿದ್ದು. ಕೊನೆಗೆ ಗೆದ್ದಲು ಮುಟ್ಟಿತು. ಅದರ ಮೇಲೆ, ಆಕಾಶವಾಣಿಯ ಪಾಠ ಕೇಳಿಸಲೆಂದು ಇಟ್ಟ ರೇಡಿಯೊ. ಬೀರುವಿಗೆ ಹಿಡಿಸದೆ ಸೂರಿನ ಮೇಲೇ ಉಳಿದದ್ದು ಎಜುಸ್ಯಾಟ್ ತಟ್ಟೆ. ಶಿಕ್ಷಣಕ್ಕೆಂದೇ ಇಸ್ರೊ 2004ರ ಸೆಪ್ಟೆಂಬರಿನಲ್ಲಿ ಹಾರಿಸಿದ ಆ ಉಪಗ್ರಹದ ಪಾಠಗಳು ಮೊದಮೊದಲು ತಲುಪಿದ್ದು ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ. ಉಪಗ್ರಹಕ್ಕೆ ಆಯಸ್ಸು ಮುಗಿದು ವರ್ಷಗಳಾದವು. ತಟ್ಟೆ ಮಾತ್ರ ಇನ್ನೂ ಅದೇ ದಿಕ್ಕಿಗೆ ಮುಖ ಮಾಡಿ ಕಾಯುತ್ತಿದೆ. ಅದರ ತೋಳಿನ ಮೇಲೊಂದು ಕಾಗೆ ಕೂತು ದಿನವೂ ನನ್ನ ಪಾಠ ಕೇಳಿಸಿಕೊಳ್ಳುತ್ತದೆ.

ನಾನೂ ಕಡಿಮೆಯವನಲ್ಲ. ಡಿ.ಎಲ್.ಇಡಿ.ಗೆ ಮೊದಲು ಡಿ.ಇಡಿ., ಅದಕ್ಕೂ ಮೊದಲು ಟಿಸಿಎಚ್ ಎಂದು ಹೆಸರಿದ್ದ ಕಾಲದಲ್ಲಿ ನಾನು ತರಬೇತಿಗೆ ಸೇರಿದ್ದು. ಆಗಿನ ಪೆಂಡ್ರೈವು ಫ್ಲಾನೆಲ್ ಬೋರ್ಡು. ಹಲಗೆಗೆ ಬಟ್ಟೆ ಸುತ್ತಿ, ಚಿತ್ರಗಳ ಬೆನ್ನಿಗೆ ಉಪ್ಪುಕಾಗದ ಅಂಟಿಸಿ ಒತ್ತಿದರೆ ಚಿತ್ರ ಬೀಳದೆ ನಿಲ್ಲಬೇಕು. ‘ದೊಡ್ಡದು–ಚಿಕ್ಕದು’ ಪಾಠ. ಹೊರಗೆ ಜಡಿಮಳೆ, ಬಟ್ಟೆಗೆ ತೇವ. ಮೇಲೆ ಅಂಟಿಸಿದ್ದ ಆನೆ ನಿಧಾನವಾಗಿ ಜಾರತೊಡಗಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಅದು ಇರುವೆಯ ಮೇಲೆ ಹೋಗಿ ಬಿದ್ದಾಗ ಒಬ್ಬ ಹುಡುಗ ಅತ್ತೇಬಿಟ್ಟ. ಪಾಠ ವೀಕ್ಷಿಸುತ್ತಿದ್ದವರು ನನ್ನ ಫೈಲಿನಲ್ಲಿ ‘ಮಕ್ಕಳ ಭಾಗವಹಿಸುವಿಕೆ ಅತ್ಯುತ್ತಮ’ ಎಂದು ಬರೆದರು.

ಪೆಂಡ್ರೈವ್ ಸಾರ್ ನನಗಿಂತ ಹೆಚ್ಚು ಓದಿಕೊಂಡವರು. ಅವರಿಗೆ ಟಿಪ್ಯಾಕ್ ಗೊತ್ತು. 2006ರಲ್ಲಿ ಪುಣ್ಯ ಮಿಶ್ರಾ, ಮ್ಯಾಥ್ಯೂ ಕೋಲರ್ ಎಂಬಿಬ್ಬರು ಅಮೆರಿಕದಲ್ಲಿ ಕೂತು ಬರೆದ ತತ್ವವದು. ವಿಷಯದ ಜ್ಞಾನ ಒಂದು ವೃತ್ತ, ಬೋಧನೆಯ ಜ್ಞಾನ ಇನ್ನೊಂದು, ತಂತ್ರಜ್ಞಾನದ್ದು ಮತ್ತೊಂದು. ಮೂರೂ ಒಂದರ ಮೇಲೊಂದು ಬೀಳುವ ನಡುವಿನ ತುಂಡಿನಲ್ಲಿ ಒಳ್ಳೆಯ ಮೇಷ್ಟ್ರು ನಿಂತಿರುತ್ತಾನೆ. ಇದನ್ನು ಅವರು ಬಿಸಿಯೂಟದ ಅಕ್ಕನಿಗೂ ವಿವರಿಸಿದರು. ‘ಟಿಪ್ಯಾಕಾ? ಹಾಲಿನ ಪುಡಿ ಪ್ಯಾಕು ಅಲ್ವಾ ಸಾ? ಉಗ್ರಾಣದಲ್ಲದ’ ಎಂದಿತು ಅಕ್ಕ. ಸಾರ್ ನೊಂದುಕೊಂಡು ಕರಿಹಲಗೆಯ ಮೇಲೆ ಮೂರು ವೃತ್ತ ಬರೆದು ತೋರಿಸಿದರು. ಅಕ್ಕ ತಲೆದೂಗಿತು: ‘ಒಬ್ಬಟ್ಟು ಒತ್ತೊತ್ತಾಗಿ ಹಾಕುದ್ರ ಅಂಟ್ಕತದ ಸಾ. ಹಂಗ ಮಾಡ್ಬಾರ್ದು.’

ಮೊದಲ ಪ್ರಯೋಗ ನಲಿ-ಕಲಿ ಕೋಣೆಯಲ್ಲಿ. ನಲಿ-ಕಲಿ ಹುಟ್ಟಿದ್ದು ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಅಲ್ಲಿ ಅಕ್ಷರ ಶುರುವಾಗುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ಈ ಐದೇ ಅಕ್ಷರ ಬಂದರೆ ಮಗು ಸರ, ದರ, ಅಗಸ, ಅರಸ, ಗರಗಸ ಎಂದು ತಾನೇ ಓದಿಕೊಳ್ಳುತ್ತದೆ. ಒಬ್ಬೊಬ್ಬರೂ ಕಲಿಕಾ ಏಣಿಯಲ್ಲಿ ಅವರವರ ಮೆಟ್ಟಿಲಲ್ಲಿರುತ್ತಾರೆ. ಸಾರ್ ರಾತ್ರಿಯೆಲ್ಲ ನಿದ್ದೆಗೆಟ್ಟು ಅನಿಮೇಷನ್ ಮಾಡಿ ತಂದಿದ್ದರು. ‘ಅ’ ಕುಣಿಯುತ್ತ ಬಂತು, ‘ಆ’ ಕೊಂಬು ತೂಗುತ್ತ ಬಂತು, ‘ಇ’ ಪಲ್ಟಿ ಹೊಡೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ‘ಇದು ಯಾವ ಅಕ್ಷರ?’ ಎಂದಾಗ ಒಂದನೇ ತರಗತಿಯ ಪುಟ್ಟಿಯೊಬ್ಬಳು ವಿನಯದಿಂದ ಹೇಳಿದಳು: ‘ನಂದು ಇನ್ನೂ ‘ಸ’ ಸಾ.’ ಏಣಿಗೆ ಮೆಟ್ಟಿಲು ನೂರಿದ್ದರೂ ಪೆಂಡ್ರೈವಿಗೆ ಒಂದೇ.

ಎರಡನೆಯ ಪ್ರಯೋಗ ನಾಲ್ಕನೇ ತರಗತಿಯ 11 ಮಕ್ಕಳ ಮೇಲೆ. ಪ್ಲಿಕರ್ಸ್ ಎಂದು ಅದರ ಹೆಸರು. ಕ್ಯೂಆರ್ ಕೋಡಿನ ತಮ್ಮನಂಥ ಕಪ್ಪು-ಬಿಳುಪು ಚೌಕದ ಕಾರ್ಡು ಒಬ್ಬೊಬ್ಬ ಮಗುವಿಗೆ ಒಂದೊಂದು. ಪ್ರಶ್ನೆ ಕೇಳಿದಾಗ ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಹಿಡಿಯಬೇಕು. ಮೇಷ್ಟ್ರು ಮೊಬೈಲನ್ನು ಒಮ್ಮೆ ಬೀಸಿದರೆ ಯಾರದು ಸರಿ, ಯಾರದು ತಪ್ಪು ಎಂದು ತೋರಿಸುತ್ತದೆ. ಮಕ್ಕಳ ಕೈಯಲ್ಲಿ ಮೊಬೈಲು ಬೇಡ, ಕರೆಂಟು ಬೇಡ. ನಿಜಕ್ಕೂ ಒಳ್ಳೆಯ ಉಪಾಯ. ಸಾರ್ ಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ತಮ್ಮ ದುಡ್ಡು ಕೊಟ್ಟು ಕಾರ್ಡು ಮಾಡಿಸಿದ್ದರು. ಮೊಬೈಲು ತರಲು ಹೆಡ್ ಮಿಸ್ ಕೋಣೆಗೆ ಹೋಗಿ ಬರುವಷ್ಟರಲ್ಲಿ ಮಕ್ಕಳು ನಾಲ್ಕು ಕಾರ್ಡು ನೆಲಕ್ಕೆ ಹಾಸಿ, ಹುಣಸೆಬೀಜ ಉಜ್ಜಿ, ಚೌಕಾಬಾರ ಶುರುಮಾಡಿದ್ದರು. ಒಬ್ಬನ ಕಾಯಿ ಆಗಲೇ ಹಣ್ಣಾಗುವ ಹಂತದಲ್ಲಿತ್ತು.

ಸಾರ್ ತಲೆಗೆ ಕೈ ಹೊತ್ತು ಕೂತರು. ಆದರೆ ಮಕ್ಕಳದು ಪೂರ್ತಿ ತಪ್ಪೆಂದು ಹೇಳಲಾರೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹರಾ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಕ್ಯೂಆರ್ ಕೋಡು ಕಂಡುಹಿಡಿದರಲ್ಲ, ಅವರಿಗೆ ಅದು ಹೊಳೆದಿದ್ದೂ ‘ಗೋ’ ಎಂಬ ಆಟದ ಮಣೆಯಿಂದಲೇ. ಜಪಾನಿನವರು ಆಟದಿಂದ ಕೋಡಿಗೆ ಹೋದರು. ನಮ್ಮವರು ಕೋಡಿನಿಂದ ಆಟಕ್ಕೆ ಬಂದರು.

ಕೊನೆಗೆ ಆ ದಿನ ಬಂತು. ಸಾರ್ ಅವರ ಕಾಲೇಜಿನಿಂದ ಉಪನ್ಯಾಸಕರು ಪಾಠ ವೀಕ್ಷಣೆಗೆ ಬರುವ ದಿನ. ಗಣಿತ, ‘ಗಡಿಯಾರ ನೋಡಿ ಸಮಯ ಹೇಳುವುದು’. ಹೆಡ್ ಮಿಸ್ಸು ತಾಲ್ಲೂಕಿನಲ್ಲಿ ಮೀಟಿಂಗಿಗೆ ಹೋಗಿದ್ದರು. ಬಾಡಿಗೆ ಪ್ರೊಜೆಕ್ಟರ್ ಬಂದಿತ್ತು. ಕೋಣೆ ಕತ್ತಲಾಗಲೆಂದು ಕಿಟಕಿಗೆ ಅಕ್ಕಿಯ ಗೋಣಿಚೀಲ ಕಟ್ಟಿದ್ದಾಗಿತ್ತು. ಹಾಟ್‌ಸ್ಪಾಟಿಗೆಂದು ನನ್ನ ಮೊಬೈಲನ್ನೂ ವಶಪಡಿಸಿಕೊಂಡಿದ್ದರು. ತಮ್ಮ ಮೊಬೈಲನ್ನು ಹಿಂದಿನ ಸಾಲಿನ ಹುಡುಗಿಯೊಬ್ಬಳ ಪಕ್ಕ, ನೀರಿನ ಬಾಟಲಿಗೆ ಒರಗಿಸಿ ರೆಕಾರ್ಡಿಂಗ್ ಹಚ್ಚಿದರು. ಉಪನ್ಯಾಸಕರು ಕುರ್ಚಿ ಎಳೆದು ಕೂತರು. ಸಾರ್ ಮೌಸು ಅಲ್ಲಾಡಿಸಿದರು. ಮೌಸು ಸತ್ತಿತ್ತು.

ಅದಕ್ಕೆ ಒಂದು ಪೆನ್ಸಿಲ್ ಸೆಲ್ಲು ಬೇಕು. ಸಾರ್ ಸುತ್ತ ನೋಡಿದರು, ಮೇಲೆ ನೋಡಿದರು. ಬೆಂಚು ಹತ್ತಿ, ಗೋಡೆಯ ಗಡಿಯಾರ ಇಳಿಸಿ, ಅದರ ಸೆಲ್ಲು ಬಿಚ್ಚಿ ಮೌಸಿಗೆ ಹಾಕಿಕೊಂಡು, ಗಡಿಯಾರವನ್ನು ಮತ್ತೆ ಮೊಳೆಗೆ ತೂಗುಹಾಕಿದರು. ಆಗ ಹತ್ತೂ ಐವತ್ತು. ಗಡಿಯಾರದ ಪಾಠಕ್ಕೋಸ್ಕರ ನಮ್ಮ ಶಾಲೆಯ ಒಂದೇ ಒಂದು ಗಡಿಯಾರ ಪ್ರಾಣಾರ್ಪಣೆ ಮಾಡಿತು.

ಮೌಸಿಗೆ ಜೀವ ಬಂತು. ಲ್ಯಾಪ್‌ಟಾಪು ಮಾತ್ರ ಅಪ್‌ಡೇಟ್ ಆಗಲು ಆ ಮುಹೂರ್ತವನ್ನೇ ಕಾದಿತ್ತು. ಶೇ 7 ಎಂದಿತು. ಸಾರ್ ‘ಮಕ್ಕಳೇ, ಸಮಯ ಅಮೂಲ್ಯ’ ಎಂದು ಪೀಠಿಕೆ ಹಾಕಿದರು. ಶೇ 9 ಎಂದಿತು. ಅದು ಮುಗಿದ ಮೇಲೆ ಪ್ರೊಜೆಕ್ಟರಿನ ಸರದಿ. ಅದು ಗೋಡೆಯ ಮೇಲೆ ನೀಲಿ ಬಳಿದು ‘ಸಿಗ್ನಲ್ ಇಲ್ಲ’ ಎಂದಿತು. ಕೇಬಲ್ಲು ಕಿತ್ತು ಹಾಕಿದರು, ಊದಿ ಹಾಕಿದರು, ಕಣ್ಣಿಗೊತ್ತಿಕೊಂಡು ಹಾಕಿದರು. ಕಡೆಗೂ ಗಡಿಯಾರ ಬಂತು, ತಲೆಕೆಳಗಾಗಿ! ಸೂರಿಗೆ ನೇತುಹಾಕುವ ಸೆಟ್ಟಿಂಗಿನಲ್ಲಿ ಆ ಪ್ರೊಜೆಕ್ಟರ್ ಉಳಿದುಬಿಟ್ಟಿತ್ತು. ಮೂರೂಕಾಲು ತೋರಿಸಬೇಕಿದ್ದ ಮುಳ್ಳುಗಳು ಎಡಕ್ಕೆ ಚಾಚಿಕೊಂಡಿದ್ದವು.

‘ಗಂಟೆ ಎಷ್ಟು?’ ಎಂದರು ಸಾರ್, ಎದೆಗುಂದದೆ.

‘ಒಂಬತ್ತೂ ಮುಕ್ಕಾಲು!’ ಎಂದಿತು ಇಡೀ ತರಗತಿ. ಒಬ್ಬ ಹುಡುಗ ಮಾತ್ರ ಎದ್ದು, ಬಾಗಿ, ಎರಡು ಕಾಲಿನ ಸಂದಿಯಿಂದ ತಲೆ ತೂರಿಸಿ ನೋಡತೊಡಗಿದ. ಉಪನ್ಯಾಸಕರೂ ಕತ್ತು ಓರೆ ಮಾಡಿದ್ದು ಕಂಡಿತು.

ಆ ಅವಧಿ ಹೇಗೋ ಮುಗಿಯಿತು, ದಿನ ಮುಗಿಯಲಿಲ್ಲ. ಸೆಲ್ಲು ಮೌಸಿನಲ್ಲೇ ಉಳಿದಿತ್ತು. ಬಿಸಿಯೂಟದ ಅಕ್ಕ ಗಡಿಯಾರ ನೋಡಿಕೊಂಡೇ ಸಾರಿಗೆ ಒಗ್ಗರಣೆ ಹಾಕುವುದು. ಮೂರು ಸಲ ಬಂದು ಇಣುಕಿತು. ಮೂರು ಸಲವೂ ಹತ್ತೂ ಐವತ್ತು. ‘ಇವತ್ತು ಹೊತ್ತೇ ಹೋಗ್ತಿಲ್ವಲ್ಲ’ ಎಂದು ಹಿಂದಿರುಗಿತು. ನನ್ನ ಮೊಬೈಲು ಇನ್ನೂ ಹಾಟ್‌ಸ್ಪಾಟಿನ ಸೇವೆಯಲ್ಲಿತ್ತು. ಮಕ್ಕಳ ಹೊಟ್ಟೆ ಗಂಟೆ ಹೊಡೆದ ಮೇಲೆಯೇ ನಮ್ಮ ಗಂಟೆ ಹೊಡೆದದ್ದು. ಉಪನ್ಯಾಸಕರು ಹೊರಡುವ ಮುನ್ನ ಫೈಲಿನಲ್ಲಿ ಬರೆದಿದ್ದರು: ‘ಕಲಿಕೋಪಕರಣಗಳ ಬಳಕೆ ಉತ್ತಮ. ಸಮಯ ಪಾಲನೆಗೆ ಗಮನ ಕೊಡಿ.’

ಸಂಜೆ ಮಕ್ಕಳು ಹೋದ ಮೇಲೆ ಸಾರ್ ಜಗುಲಿಯಲ್ಲಿ ಕೂತು ರೆಕಾರ್ಡಿಂಗ್ ಹಾಕಿಕೊಂಡರು. ಫೈಲಿನಲ್ಲಿ ‘ಆತ್ಮಾವಲೋಕನ’ ಎಂಬ ಅಂಕಣ ತುಂಬಬೇಕಿತ್ತು. ನಾನೂ ಪಕ್ಕಕ್ಕೆ ಹೋಗಿ ಕೂತೆ. ಚಿತ್ರ ಏನೂ ಕಾಣುತ್ತಿರಲಿಲ್ಲ, ಕತ್ತಲು. ದೂರದಲ್ಲಿ ಸಾರ್ ದನಿ, ಮಕ್ಕಳ ಗದ್ದಲ. ಅದೆಲ್ಲಕ್ಕಿಂತ ಹತ್ತಿರದಲ್ಲಿ, ಕಿವಿಗೆ ಬಾಯಿಟ್ಟು ಹೇಳಿದಂತೆ, ಸಣ್ಣದೊಂದು ಪಿಸುದನಿ.

‘ಸೆಲ್ಲ ತಗ್ದುಬುಟ್ರು. ಇನ್ನ ಗಡಿಯಾರ ನಡಿಯಲ್ಲ.’

ಸಾರ್ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ಮತ್ತೆ: ‘ವೈರು ಅದಲ್ಲ, ಪಕ್ಕದ ತೂತು.’ ನಾವು ಹತ್ತು ನಿಮಿಷ ಒದ್ದಾಡಿದ ಮೇಲೆ ಕೇಬಲ್ಲು ಹೋಗಿ ಕೂತಿದ್ದು ಆ ಪಕ್ಕದ ತೂತಿನಲ್ಲೇ. ಆಮೇಲೆ ತರಗತಿಯೆಲ್ಲ ಒಂಬತ್ತೂ ಮುಕ್ಕಾಲು ಎಂದು ಕೂಗಿದಾಗ, ಅದರಡಿಯಲ್ಲಿ: ‘ತಲಕೆಳ್ಗಾಗದ. ಮೂರೂಕಾಲು.’ ದೂರದಲ್ಲೆಲ್ಲೋ ಬಸ್ಸಿನ ಹಾರನ್ನು. ‘ಕೊಳ್ಳೇಗಾಲದ್ದು. ಹನ್ನೊಂದೂಕಾಲು.’

ಆ ದಿನ ಇಡೀ ಶಾಲೆಯಲ್ಲಿ ಗಂಟೆ ಎಷ್ಟೆಂದು ಗೊತ್ತಿದ್ದವಳು ಅವಳೊಬ್ಬಳೇ.

ಸಾರ್ ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು, ಮತ್ತೊಮ್ಮೆ ಕೇಳಿದರು. ‘ಇವಳು ಮಾತಾಡ್ತಾಳಾ ಸಾರ್?’ ಎಂದರು. ನಾನು ಏನೂ ಹೇಳಲಿಲ್ಲ. ಒಂದನೇ ತರಗತಿಯಿಂದ ಅವಳ ಪ್ರಗತಿ ಪತ್ರದಲ್ಲಿ ‘ಮಾತು ಕಡಿಮೆ, ಪ್ರೋತ್ಸಾಹ ಅಗತ್ಯ’ ಎಂದು ವರ್ಷ ವರ್ಷವೂ ಬರೆದವನು ನಾನೇ. ಅಕ್ಷರ ದುಂಡಗಿವೆ.

ಆತ್ಮಾವಲೋಕನದ ಅಂಕಣ ಅಂದು ಖಾಲಿಯೇ ಉಳಿಯಿತು. ಮರುದಿನ ಸಾರ್ ಬೇಗ ಬಂದು ಗಡಿಯಾರಕ್ಕೆ ಸೆಲ್ಲು ಹಾಕಿ, ಅಂದಾಜಿನಲ್ಲಿ ಮುಳ್ಳು ತಿರುಗಿಸಿದರು. ಪ್ರೊಜೆಕ್ಟರ್ ಬಾಡಿಗೆಯವನು ಒಯ್ದಿದ್ದ. ಮೊಬೈಲೊಂದನ್ನೇ ಹಿಡಿದು ಹಿಂದಿನ ಸಾಲಿಗೆ ಹೋಗಿ, ನೆಲದ ಮೇಲೆ ಅವಳ ಪಕ್ಕ ಕೂತು, ಅವಳಷ್ಟೇ ಮೆತ್ತಗೆ ಕೇಳಿದರು:

‘ಗಂಟೆ ಎಷ್ಟಮ್ಮ?’

ಅವಳು ಗೋಡೆ ನೋಡಿದಳು. ಬಾಗಿಲಿನಾಚೆ ಕಂಬದ ನೆರಳು ನೋಡಿದಳು. ಮತ್ತೆ ಗೋಡೆ ನೋಡಿದಳು.

‘ನಿಮ್ಮ ಗಡಿಯಾರ ಐದ್ ನಿಮ್ಷ ಹಿಂದ್ಕದ ಸಾ.’

ಸಾರ್ ಬೆಂಚು ಹತ್ತಲು ಎದ್ದರು. ರೆಕಾರ್ಡಿಂಗ್ ಹಚ್ಚುವುದನ್ನು ಅಂದು ಮರೆತಿದ್ದರು. ಇನ್ನೊಂದು ಸಲ ಹೇಳು ಎಂದು ಅವಳನ್ನು ಕೇಳಲೂ ಇಲ್ಲ.